ಮಾಸ್ಟರಮ್ಮನ ತಾಯಿಗೆ, ಎಲ್ಲರ ಎದುರಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮಾಸ್ಟರಮ್ಮನ ತಾಯಿಯವರಿಗೆ, ಮಾಸ್ಟರಮ್ಮನ ತಮ್ಮನಿಗೆ, ತಮ್ಮನ ಹೆಂಡತಿಗೆ, ನಮ್ಮ ಹೊಲಿಗೆ ಯೂನಿಟ್ಟಿನ ಯಜಮಾನರಿಗೆ, ಆಸ್ಪತ್ರೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಡಾಕ್ಟರಮ್ಮನವರಿಗೆ, ಮತ್ತೆ — ಹಿಂದೆ ಇಸ್ತ್ರಿ ಮೇಜಿಗೆ ಒರಗಿ ನಿಂತಿದ್ದೀರಲ್ಲ, ನಿಮಗೂ — ನಮಸ್ಕಾರ. ಒರಗಬೇಡಿ, ಅದರ ಒಂದು ಕಾಲು ಅಲ್ಲಾಡುತ್ತದೆ.

ನನಗೆ ಭಾಷಣ ಮಾಡಿ ಗೊತ್ತಿಲ್ಲ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಮುಂದೆ ಕೂತು ಕೂತು ಕಿರುಚಿ ಮಾತಾಡಿ ಗೊತ್ತು, ಅಷ್ಟೆ. ಮೈಕ್ ತರಿಸಲಾ ಅಂತ ಇಸ್ತ್ರಿ ಮಾಮ ಕೇಳಿದರೆ ನಮ್ಮ ಯಜಮಾನರು, "ಇವಳ ಕೈಗೆ ಮೈಕ್ ಬೇರೆ ಕೊಟ್ರೆ ಪಕ್ಕದ ಬೀದಿಯೋರೂ ಎದ್ದು ನಿಲ್ತಾರೆ, ಬೇಡ" ಅಂದರು. ಸರಿ, ಹೀಗೇ ಮಾತಾಡುತ್ತೇನೆ. ಹಿಂದಿನವರಿಗೆ ಕೇಳುತ್ತಿದೆಯಾ? — ಕೇಳುತ್ತದೆ, ಬಿಡಿ.

ಇವತ್ತು ಮೆಷಿನ್‌ಗಳಿಗೆಲ್ಲ ಬಟ್ಟೆ ಹೊದಿಸಿದ್ದೇವೆ. ಫೋಟೊ ಇಟ್ಟಿರುವ ಈ ಉದ್ದನೆಯ ಮೇಜು ಇದೆಯಲ್ಲ, ಇದು ನಮ್ಮ ಕಟಿಂಗ್ ಮಾಸ್ಟರ್ ಆಗಿದ್ದ ಮಾಸ್ಟರಮ್ಮ ಬಟ್ಟೆ ಕತ್ತರಿಸುತ್ತಿದ್ದ ಮೇಜು. ನಮ್ಮ ಯೂನಿಟ್ಟಿನಿಂದ ಹೊರಗೆ ಹೋದ ಪ್ರತಿಯೊಂದು ನರ್ಸಮ್ಮನ ಉಡುಪು, ಆಪರೇಷನ್ ಮಾಡುವವರ ಗೌನು, ಎಲ್ಲವೂ ಮೊದಲು ಅವರ ಕೈಯಲ್ಲಿ ಕಟಿಂಗ್ ಆಗಿಯೇ ನಮ್ಮ ಕೈಗೆ ಬರುತ್ತಿತ್ತು. ಡಾಕ್ಟರಮ್ಮ, ನೀವು ಹಾಕಿಕೊಂಡು ಬಂದಿರುವ ಬಿಳಿ ಕೋಟು ಕೂಡ ಇಲ್ಲಿಯದೇ. ಆ ಕಾಲರ್ ನೋಡಿದರೆ ನನಗೆ ಗೊತ್ತಾಗುತ್ತದೆ. ಪೇಷಂಟು ಕತ್ತರಿಸಿದ ಕೋಟು ಹಾಕಿಕೊಂಡು ಅದೇ ಪೇಷಂಟಿಗೆ ಮಾತ್ರೆ ಬರೆದುಕೊಟ್ಟ ಡಾಕ್ಟರು ಇನ್ನೆಲ್ಲಾದರೂ ಇದ್ದಾರೋ ಇಲ್ಲವೋ, ನನಗಂತೂ ಗೊತ್ತಿಲ್ಲ.

ನಾನು ಮಾತಾಡುವುದು ಮಾಸ್ಟರಮ್ಮನ ಬಗ್ಗೆ. ಆದರೆ ಮಾತು ಇರುವುದು ಒಬ್ಬರಿಗೆ. ಅಮ್ಮಾ — ನಿಮಗೆ. ಮಾಸ್ಟರಮ್ಮನ ಅಂತ್ಯಕ್ರಿಯೆ ಮುಗಿಸಿಕೊಂಡು ಬಂದ ದಿನ, ಅಡುಗೆಮನೆ ಬಾಗಿಲಲ್ಲಿ ಕೂತು ನೀವು ನನ್ನ ಕೈ ಹಿಡಿದುಕೊಂಡು ಅಂದಿರಿ: "ಅವತ್ತು ನಾನು ಕೈ ಎತ್ತದೆ ಇದ್ದಿದ್ರೆ ನನ್ನ ಮಗಳಿಗೆ ಈ ಕಾಯಿಲೆನೇ ಬರ್ತಿರ್ಲಿಲ್ಲ ಕಣೇ." ಸುತ್ತ ಇದ್ದವರಲ್ಲಿ ಕೆಲವರು ಹೌದು ಹೌದು ಅಂತ ತಲೆ ಆಡಿಸಿದರು. ಆಡಿಸಿದವರೂ ಇಲ್ಲಿ ಬಂದಿದ್ದೀರಿ, ಯಾರು ಅಂತ ಹೇಳುವುದಿಲ್ಲ. ಆ ಮಾತನ್ನು ಎಲ್ಲರ ಎದುರಿಗೆ ಅಂದಿರಿ, ಹಾಗಾಗಿ ಉತ್ತರವನ್ನೂ ಎಲ್ಲರ ಎದುರಿಗೇ ಕೊಡುತ್ತೇನೆ. ಆ ಕಾಯಿಲೆ ನಿಮ್ಮ ಕೈಯಿಂದ ಬಂದದ್ದಲ್ಲ.

ಮಾಸ್ಟರಮ್ಮನಿಗೆ ಇದ್ದ ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ. ನೋಡಿ, ಹೇಳಿಬಿಟ್ಟೆ. ಸೂರು ಕಳಚಿ ಬೀಳಲಿಲ್ಲ. ಹೇಳಬಹುದಾ ಅಂತ ಬೆಳಗ್ಗೆ ತಮ್ಮನನ್ನು ಕೇಳಿದ್ದೆ. "ಅಕ್ಕ ಯಾವತ್ತಾದ್ರೂ ಮುಚ್ಚಿಟ್ಟಿದ್ಲಾ? ನೀವ್ಯಾಕೆ ಮುಚ್ಚಿಡ್ತೀರಿ? ಜೋರಾಗೇ ಹೇಳಿ" ಅಂದ. ಜೋರಾಗಿ ಹೇಳುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಇನ್ನೊಂದು ವಿಷಯ — ಅವರು ಹೋದದ್ದು ಹೃದಯಾಘಾತದಿಂದ. ಬೀದಿಯಲ್ಲಿ ಬೇರೆ ಕಥೆ ಕಟ್ಟಿದ್ದಾರೆ ಅಂತ ಕೇಳಿದೆ. ಕಟ್ಟಿದವರು ಯಾರಾದರೂ ಇಲ್ಲಿದ್ದರೆ, ಟೀ ಕುಡಿದು ಹೋಗುವಾಗ ಆ ಕಥೆಯನ್ನು ಲೋಟದ ಜತೆ ಇಲ್ಲೇ ಬಿಟ್ಟುಹೋಗಿ.

ಕಾಯಿಲೆ ಶುರುವಾದದ್ದು ಹೇಗೆ ಅಂತ ಅವರೇ ಹೇಳುತ್ತಿದ್ದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದರು, ಬಾಯಿ ಬಿಟ್ಟರೆ ಮಾತು, ನಗು. ಮೊದಲು ಆ ಮಾತು ಕಡಿಮೆಯಾಯಿತು. ಆಮೇಲೆ ಸ್ನಾನ ಬೇಡ, ತಲೆ ಬಾಚುವುದು ಬೇಡ, ಗೆಳತಿಯರು ಬೇಡ, ಸೂಜಿ ದಾರ ಬೇಡ. ಯಾವುದರಲ್ಲೂ ಮನಸ್ಸಿಲ್ಲ. ಮನೆಯವರು ಸೋಮಾರಿತನ ಅಂದುಕೊಂಡರು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ನಿದ್ದೆ ಹೋಯಿತು. ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ತಲೆಯಲ್ಲಿ ನಿಲ್ಲಲಿಲ್ಲ. ಒಂದು ಮಾತು ಶುರು ಮಾಡಿದರೆ ಅದು ಎಲ್ಲೆಲ್ಲಿಗೋ ಹೋಗಿ, ಎಲ್ಲಿಂದ ಹೊರಟಿದ್ದು ಅಂತ ಅವರಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ — ದನಿಗಳು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಸುತ್ತ ಯಾರೂ ಇಲ್ಲ, ದನಿ ಮಾತ್ರ ಇದೆ. "ಅದು ಯೋಚನೆ ಅಲ್ಲ ಕಣ್ರೇ. ನೀವೀಗ ಮಾತಾಡ್ತಿದೀರಲ್ಲ, ಹಾಗೇ ಕಿವಿಗೆ ಬೀಳೋದು. ಅವಳು ಎದ್ಲು ನೋಡು, ಬಾಗಿಲು ತೆಗೆದ್ಲು ನೋಡು, ಕೆಲಸಕ್ಕೆ ಬಾರದವಳು ನೋಡು ಅಂತ. ಆಟಗಾರರಿಗೂ ಅಷ್ಟು ಕಾಮೆಂಟರಿ ಇರಲ್ಲ, ನನಗಿತ್ತು" ಅನ್ನುತ್ತಿದ್ದರು. ನಗಿಸುತ್ತಲೇ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ದನಿಗಳ ಬೆನ್ನಿಗೇ ನಂಬಿಕೆಗಳು ಬಂದವು. ಟಿವಿಯಲ್ಲಿ ಸುದ್ದಿ ಓದುವವಳು ತನಗೇ ಗುಟ್ಟಾಗಿ ಏನೋ ಹೇಳುತ್ತಿದ್ದಾಳೆ. ಎದುರುಮನೆಯವರು ನೀರಿನ ಟ್ಯಾಂಕಿಗೆ ವಿಷ ಹಾಕಿದ್ದಾರೆ. ಇಲ್ಲ ಅಂತ ನೀವು ಸಾವಿರ ಹೇಳಿ, ಅವರ ಪಾಲಿಗೆ ಅದು ನಿಜವೇ. ಒಂದು ಬೆಳಗ್ಗೆ ಅಮ್ಮ ಮಾಡಿಟ್ಟ ಅಡುಗೆಯನ್ನೆಲ್ಲ ಪಾತ್ರೆ ಸಮೇತ ಚರಂಡಿಗೆ ಸುರಿದರು. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು, ಕೆನ್ನೆಗೆ ಒಂದು ಬಿಟ್ಟರು. ಹುಡುಗಿ ಬರಿಗಾಲಲ್ಲಿ ಬೀದಿಗೆ ಓಡಿದಳು. ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತು ನೋಡಿತು. ಬೀದಿಯವರ ಲೆಕ್ಕದಲ್ಲಿ ಕಾಯಿಲೆ ಶುರುವಾದದ್ದು ಅವತ್ತು. ಅಮ್ಮನ ಲೆಕ್ಕದಲ್ಲೂ ಅವತ್ತೇ.

ಅಲ್ಲ, ಅಮ್ಮ. ನೀವೇ ಯೋಚನೆ ಮಾಡಿ. ಸ್ನಾನ ಬಿಟ್ಟದ್ದು ಆ ಏಟಿಗೆ ಮೊದಲೋ ಆಮೇಲೋ? ಮೊದಲು. ನಿದ್ದೆ ಹೋದದ್ದು? ಮೊದಲು. ದನಿ ಕೇಳಿಸಿದ್ದು, ಅಡುಗೆ ಚೆಲ್ಲಿದ್ದು? ಎಲ್ಲವೂ ಮೊದಲು. ಕಾಯಿಲೆ ಆ ಮನೆಯೊಳಗೆ ಬಂದು ತಿಂಗಳುಗಟ್ಟಲೆ ಕೂತಿತ್ತು. ನಿಮಗೆ ಕಾಣಲಿಲ್ಲ, ಯಾಕೆಂದರೆ ಯಾರಿಗೂ ಮೊದಲು ಕಾಣುವುದಿಲ್ಲ. ಇನ್ನೊಂದು ಮಾತು, ಇದನ್ನು ಮಾಸ್ಟರಮ್ಮ ಎದೆ ತಟ್ಟಿಕೊಂಡು ಹೇಳುತ್ತಿದ್ದರು: "ನನಗೆ ತಲೆ ಸರಿ ಇರ್ಲಿಲ್ಲ, ಒಪ್ಪಿದೆ. ಆದ್ರೆ ಅಡುಗೆ ಚೆಲ್ಲಿದ್ದು ನಮ್ಮಮ್ಮ ಸಾಯಬಾರದು ಅಂತ." ವಿಷ ಸುಳ್ಳು, ಪ್ರೀತಿ ಸುಳ್ಳಲ್ಲ. ಅಂಥ ಸ್ಥಿತಿಯಲ್ಲೂ ತಾಯಿಯನ್ನು ಉಳಿಸಲು ಓಡಾಡಿದ ಮಗಳು ಅವರು.

ಹಾಗಾದರೆ ಯಾಕೆ ಬರುತ್ತದೆ ಇದು? ಡಾಕ್ಟರಮ್ಮ, ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದರೆ ಅಲ್ಲಿಂದಲೇ ಕೈ ಎತ್ತಿ. ಇಲ್ಲದ ದನಿ ಕೇಳಿಸುವುದು, ಇಲ್ಲದ ಶತ್ರು ಕಾಣಿಸುವುದು, ನಿಜ ಯಾವುದು ಅನ್ನುವ ಹಿಡಿತ ಕೈತಪ್ಪುವುದು — ಇದಕ್ಕೆ ಸೈಕೋಸಿಸ್ ಅನ್ನುತ್ತಾರೆ. ಜ್ವರ ಇದ್ದ ಹಾಗೆ. ಜ್ವರಕ್ಕೆ ಕಾರಣ ಹತ್ತಾರು ಇರುತ್ತವಲ್ಲ, ಹಾಗೇ ಇದಕ್ಕೂ. ಗಾಂಜಾ ಇನ್ನಿತರ ಮಾದಕ ವಸ್ತುಗಳಿಂದ ಬರಬಹುದು, ಹೆರಿಗೆಯಾದ ಮೇಲೆ ಕೆಲವರಿಗೆ ಬರಬಹುದು, ಮಿದುಳಿನ ಬೇರೆ ಕಾಯಿಲೆಯಿಂದಲೂ ಬರಬಹುದು. ಕೆಲವರಿಗೆ ಒಂದು ಸಲ ಬಂದು ಹೋಗಿಬಿಡುತ್ತದೆ. ಸ್ಕಿಜೋಫ್ರೇನಿಯಾ ಆ ಕಾರಣಗಳಲ್ಲಿ ಒಂದು. ಅದು ಬಹಳ ದಿನ ಜತೆಗಿರುತ್ತದೆ, ಮಾತು, ಉತ್ಸಾಹ, ಗಮನ ಎಲ್ಲವನ್ನೂ ಮುಟ್ಟುತ್ತದೆ.

ಯಾಕೆ ಒಬ್ಬರಿಗೆ ಬಂತು, ಪಕ್ಕದವರಿಗೆ ಬರಲಿಲ್ಲ? ಒಂದೇ ಕಾರಣ ಅಂತ ಇಲ್ಲವಂತೆ. ಸ್ವಲ್ಪ ವಂಶದಲ್ಲಿ ಬರುತ್ತದೆ. ಆದರೆ ಮನೆಯಲ್ಲಿ ಒಬ್ಬರಿಗೆ ಇದ್ದರೆ ಎಲ್ಲರಿಗೂ ಬಂದೇ ಬರುತ್ತದೆ ಅಂತಲ್ಲ. ಇದೋ, ತಮ್ಮ ಗುಂಡುಕಲ್ಲಿನ ಹಾಗೆ ಕೂತಿದ್ದಾನೆ ನೋಡಿ. ಸ್ವಲ್ಪ ಹುಟ್ಟುವ ಮೊದಲು, ಹುಟ್ಟುವಾಗ ಆದ ತೊಂದರೆಗಳು, ಸ್ವಲ್ಪ ಮಿದುಳು ಬೆಳೆದ ರೀತಿ, ಅದರಲ್ಲಿ ಸುದ್ದಿ ಸಾಗಿಸುವ ರಾಸಾಯನಿಕಗಳ ಏರುಪೇರು. ಇವೆಲ್ಲ ಸೇರಿದ ಮೇಲೆ ಬದುಕಿನ ದೊಡ್ಡ ಒತ್ತಡ ಅದನ್ನು ಹೊರಗೆ ಎಳೆಯಬಹುದು. ಡಾಕ್ಟರಮ್ಮನನ್ನು ನಾನು ನೇರವಾಗಿಯೇ ಕೇಳಿದ್ದೆ, ಹೊಡೆತದಿಂದ ಬರುತ್ತದಾ ಅಂತ. "ಚಿಕ್ಕಂದಿನಿಂದ ವರ್ಷಗಟ್ಟಲೆ ಹಿಂಸೆ ಅನುಭವಿಸಿದೋರಿಗೆ ಅಪಾಯ ಹೆಚ್ಚು, ಅದು ನಿಜ. ಒಂದು ಬೆಳಗ್ಗೆ ಒಬ್ಬ ತಾಯಿ ಕಂಗಾಲಾಗಿ ಕೊಟ್ಟ ಏಟಿನಿಂದ ಈ ಕಾಯಿಲೆ ಹುಟ್ಟಲ್ಲ" ಅಂದರು. ಡಾಕ್ಟರಮ್ಮ, ಹೌದು ತಾನೇ? — ನೋಡಿ, ತಲೆ ಆಡಿಸಿದರು. ಅವತ್ತು ಅಡುಗೆಮನೆ ಬಾಗಿಲಲ್ಲಿ ತಲೆ ಆಡಿಸಿದವರು ಈ ತಲೆಯನ್ನೂ ನೋಡಿ.

ಈಗ ಹೆಮ್ಮೆಯ ವಿಷಯಕ್ಕೆ ಬರುತ್ತೇನೆ.

ಮಾಸ್ಟರಮ್ಮ ನಮ್ಮ ಯೂನಿಟ್ಟಿಗೆ ಬಂದಾಗ ಇಲ್ಲಿ ಗದ್ದಲವೋ ಗದ್ದಲ. "ಅವಳ ಕೈಗೆ ಕರೆಂಟ್ ಕತ್ತರಿ ಕೊಡ್ತೀರಾ? ಎಲ್ಲರನ್ನೂ ಕೊಚ್ಚಿ ಹಾಕಿದ್ರೆ?" ಅಂತ. ಈ ಕಾಯಿಲೆ ಇದ್ದವರು ಅಂದರೆ ಕತ್ತಿ ಹಿಡಿದುಕೊಂಡೇ ಓಡಾಡುತ್ತಾರೆ ಅಂತ ಸಿನಿಮಾದವರು ನಮ್ಮ ತಲೆಗೆ ತುಂಬಿದ್ದಾರೆ. ಇವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ. ಇನ್ನೂ ಹೇಳಬೇಕೆಂದರೆ, ಇವರಿಗೇ ಬೇರೆಯವರಿಂದ ಏಟು ಬೀಳುವುದು ಹೆಚ್ಚು. ಆ ಕತ್ತರಿಯ ಹತ್ತಿರ ಮಾಸ್ಟರಮ್ಮ ಇಷ್ಟು ವರ್ಷ ನಿಂತರು, ಯಾರಿಗೂ ಒಂದು ಗೀರು ಬೀಳಲಿಲ್ಲ. ಬೆರಳು ಕೊಯ್ದುಕೊಂಡವರು ಒಬ್ಬರೇ. ಭಯವಾಗುತ್ತೆ, ದೂರ ನಿಲ್ಲಿಸಿ ಅಂತ ಯಜಮಾನರಿಗೆ ದೂರು ಕೊಟ್ಟಿದ್ದ ಇಸ್ತ್ರಿ ಮಾಮ! ಅದೂ ಟೀ ಜತೆ ತಿನ್ನಲು ಹಣ್ಣು ಹೆಚ್ಚುವಾಗ! ಬಟ್ಟೆ ಸುತ್ತಿ ಕಟ್ಟಿದವರು ಯಾರು? ಮಾಮ, ನೀವೇ ಹೇಳಿ. — ಹೂಂ, ಮಾಸ್ಟರಮ್ಮನೇ.

ಒಳಗೆ ಇಬ್ಬರು ಇರುತ್ತಾರಂತೆ, ಒಬ್ಬಳು ಒಳ್ಳೆಯವಳು ಒಬ್ಬಳು ಕೆಟ್ಟವಳಂತೆ ಅಂತಲೂ ಗುಸುಗುಸು ಇತ್ತು. ಅದು ಈ ಕಾಯಿಲೆಯೇ ಅಲ್ಲ. ಅದು ಮಾಸ್ಟರಮ್ಮನ ಕಿವಿಗೂ ಬಿತ್ತು. "ಅಯ್ಯೋ, ಇಬ್ಬರಿದ್ದಿದ್ರೆ ಒಬ್ಬಳನ್ನ ಇಲ್ಲಿ ದುಡಿಯೋಕೆ ಬಿಟ್ಟು ಇನ್ನೊಬ್ಬಳು ಮನೇಲಿ ಹಾಯಾಗಿ ಮಲಗ್ತಿದ್ಲು" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮಾಸ್ಟರಮ್ಮ ಬರುವ ಮೊದಲು ಇಲ್ಲಿದ್ದ ಕಟಿಂಗ್ ಮಾಸ್ಟರಿಗೆ ತನ್ನ ಕಣ್ಣಿನ ಮೇಲೆ ಎಲ್ಲಿಲ್ಲದ ನಂಬಿಕೆ. ಆ ನಂಬಿಕೆಯಲ್ಲಿ ಒಂದು ಸಲ ಇಡೀ ರಾಶಿ ಬಟ್ಟೆಯನ್ನು ಎಡತೋಳಾಗಿಯೇ ಕತ್ತರಿಸಿಬಿಟ್ಟಿದ್ದರು. ಕತ್ತರಿಸಿದ ಬಟ್ಟೆ ಮತ್ತೆ ಕೂಡುತ್ತದಾ? ಮಾಸ್ಟರಮ್ಮ ಬಂದ ಮೇಲೆ ಒಂದು ಪದ್ಧತಿ ಮಾಡಿದರು. ಬಟ್ಟೆ ಹಾಸಿ, ಅಳತೆ ಕಾಗದ ಹಾಸಿ, ಸ್ವಿಚ್ ಹಾಕುವ ಮೊದಲು ಪಕ್ಕದವರನ್ನು ಕರೆಯುವುದು. "ಬಾ ಇಲ್ಲಿ. ನನಗೆ ಈ ಕಡೆ ಎಡತೋಳು, ಆ ಕಡೆ ಬಲತೋಳು ಕಾಣ್ತಿದೆ. ನಿನಗೂ ಹಾಗೇ ಕಾಣ್ತಿದೆಯಾ?" ಹೂಂ ಅಂದರೆ ಸ್ವಿಚ್ಚು. ಇಲ್ಲ ಅಂದರೆ ಇಬ್ಬರೂ ಕೂತು ಮತ್ತೆ ನೋಡುವುದು. ಅದರಲ್ಲಿ ನಾಚಿಕೆ ಇಲ್ಲ, ಜಗಳ ಇಲ್ಲ.

ಇದನ್ನು ಅವರು ಕಲಿತದ್ದು ಎಲ್ಲಿ ಅಂದುಕೊಂಡಿರಿ? ಕಾಯಿಲೆಯಿಂದ. ಔಷಧಿ ತೆಗೆದುಕೊಂಡ ಮೇಲೆ ದನಿಗಳು ತಗ್ಗಿದವು, ಪೂರ್ತಿ ಹೋಗಲಿಲ್ಲ. ಸುಸ್ತಾದ ದಿನ ಬರುತ್ತಿದ್ದವು. ಆಗ ಇಲ್ಲೇ ನಿಂತು ಕೇಳುತ್ತಿದ್ದರು, ಗಂಟೆ ಎಷ್ಟಾಯಿತು ಅಂತ ಕೇಳುವ ಹಾಗೆ: "ಯಾರಾದ್ರೂ ನನ್ನ ಕರೆದ್ರಾ?" ಕರೆದಿದ್ದರೆ ನಾವು ಕರೆದೆ ಅನ್ನುತ್ತಿದ್ದೆವು. ಇಲ್ಲದಿದ್ದರೆ ಇಲ್ಲ ಅನ್ನುತ್ತಿದ್ದೆವು. "ಸರಿ" ಅಂದು ಕೆಲಸ ಮುಂದುವರಿಸುತ್ತಿದ್ದರು. ಅಷ್ಟೇ. ಒಂದು ಸಲ ಮಾತ್ರ ನಮ್ಮ ಇಸ್ತ್ರಿ ಮಾಮ, ಪಾಪ, ಮಾಸ್ಟರಮ್ಮನ ಮನಸ್ಸಿಗೆ ನೋವಾಗಬಾರದು ಅಂತ, ಕರೆಯದೆಯೇ "ಹೂಂ, ನಾನೇ ಕರೆದೆ" ಅಂದುಬಿಟ್ಟರು. ಆಮೇಲೆ ಯಾಕೆ ಕರೆದಿರಿ ಅಂದರೆ ತಡವರಿಸಿದರು. ಮಾಸ್ಟರಮ್ಮ ನಮ್ಮ ಮೇಲೆ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನನಗೆ ಸುಳ್ಳು ಹೇಳೋಕೆ ಒಳಗಡೆನೇ ಬೇಕಾದಷ್ಟು ಜನ ಇದಾರೆ ಮಾಮ. ನೀವು ಬೇರೆ ಯಾಕೆ ಸೇರ್ಕೋತೀರಿ?" ಅಂದರು. ಅವತ್ತಿನಿಂದ ಈ ಸೂರಿನ ಕೆಳಗೆ ಅವರಿಗೆ ಯಾರೂ ಸುಳ್ಳು ಹೇಳಲಿಲ್ಲ, ದಯೆಯಿಂದಲೂ ಹೇಳಲಿಲ್ಲ.

ಆ ಪದ್ಧತಿ ನಮಗೆಲ್ಲ ಅಂಟಿಕೊಂಡಿತು. ಗುಂಡಿ ಹಾಕುವವಳು ಕೇಳುತ್ತಾಳೆ, ಇಸ್ತ್ರಿ ಮಾಮ ಕೇಳುತ್ತಾರೆ, ಯಜಮಾನರೂ ಕೇಳುತ್ತಾರೆ. ಒಂದು ಸಲ ದೊಡ್ಡ ಆಸ್ಪತ್ರೆಯಿಂದ ಬಟ್ಟೆ ಪರೀಕ್ಷೆ ಮಾಡಲು ಬಂದ ಸಾಹೇಬರು ಬೆಳಗ್ಗೆಯಿಂದ ಸಂಜೆಯವರೆಗೆ ಇದನ್ನೇ ಕೇಳಿಸಿಕೊಂಡರು. ನಿನಗೂ ಹಾಗೇ ಕಾಣ್ತಿದೆಯಾ, ನಿನಗೂ ಹಾಗೇ ಕಾಣ್ತಿದೆಯಾ. ಮರುವಾರ ಏನಾಯಿತು ಗೊತ್ತಲ್ಲ? ಪಾಪ ಇಲ್ಲಿರುವವರಿಗೆಲ್ಲ ದೃಷ್ಟಿ ದೋಷ ಅಂತ ಕಣ್ಣಿನ ಡಾಕ್ಟರನ್ನು ಪೆಟ್ಟಿಗೆ ಸಮೇತ ಕಳಿಸಿಬಿಟ್ಟರು! ಮಾಸ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರಿಗೆ ನಿಜವಾಗಿಯೂ ಕನ್ನಡಕ ಬೇಕಾಗಿತ್ತು, ಅದು ಬೇರೆ ಮಾತು. ಅದೇ ಸಾಹೇಬರು ಬರೆದುಕೊಟ್ಟು ಹೋಗಿದ್ದರು, ಇಷ್ಟು ಕಡಿಮೆ ತಪ್ಪು ಇರುವ ಬಟ್ಟೆಯನ್ನು ಬೇರೆಲ್ಲೂ ನೋಡಿಲ್ಲ ಅಂತ. ತನ್ನ ಕಣ್ಣನ್ನು, ಕಿವಿಯನ್ನು ಪೂರ್ತಿ ನಂಬಲಾಗದ ಒಬ್ಬ ಹೆಂಗಸು ನಮಗೆಲ್ಲ ಸರಿಯಾಗಿ ನೋಡುವುದನ್ನು ಕಲಿಸಿದರು. ಇದನ್ನು ಹೇಳುವಾಗ ನನಗೆ ಎದೆ ಉಬ್ಬುತ್ತದೆ, ಉಬ್ಬಲಿ.

ಎಲ್ಲ ಸುಸೂತ್ರ ಅಂತ ಹೇಳಲಾರೆ. ಮಾತ್ರೆಯಿಂದ ಮೈ ದಪ್ಪವಾಯಿತು, ಬೆಳಗ್ಗೆ ಏಳಲಾಗುತ್ತಿರಲಿಲ್ಲ, ಕೈ ನಡುಗಿತು. ಕತ್ತರಿ ಹಿಡಿಯುವವರಿಗೆ ಕೈ ನಡುಗಿದರೆ ಹೇಗೆ? ಹಾಗಂತ ಮಾತ್ರೆ ಎಸೆಯಲಿಲ್ಲ, ಡಾಕ್ಟರಮ್ಮನ ಮುಂದೆ ಕೈ ಚಾಚಿ ತೋರಿಸಿದರು, ಅವರು ಔಷಧಿ ಬದಲಾಯಿಸಿದರು. ಎಲ್ಲರಿಗೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ, ಕೆಲವು ಮನೆಗಳಲ್ಲಿ ಇನ್ನೂ ಕಷ್ಟ ಇದೆ, ಅದನ್ನೂ ನಾವು ತಿಳಿದಿರಬೇಕು. ಮಾಸ್ಟರಮ್ಮನೂ ಒಂದು ಸಲ, ಈಗ ಚೆನ್ನಾಗಿದ್ದೇನಲ್ಲ, ಮಾತ್ರೆ ಯಾಕೆ ಅಂತ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು.

ಅದನ್ನು ಮೊದಲು ಕಂಡುಹಿಡಿದದ್ದು ಯಾರು? ನಾವಲ್ಲ. ನಮ್ಮ ಕಣ್ಣಿಗೆ ಅವರು ಎಂದಿನ ಹಾಗೇ ಇದ್ದರು. ಒಂದು ಮಧ್ಯಾಹ್ನ ಈ ಅಮ್ಮ — ಆಗ ಮಂಡಿ ನೋವು ಶುರುವಾಗಿತ್ತು — ಕುಂಟಿಕೊಂಡು ಇದೇ ಬಾಗಿಲಿಗೆ ಬಂದರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಎರಡು ಮೂರು ದಿನದಿಂದ ನನ್ನ ಜತೆ ಜಗಳನೇ ಆಡಿಲ್ಲ ಕಣೇ. ಉಪ್ಪು ಜಾಸ್ತಿ ಹಾಕಿದ್ರೂ ಸುಮ್ನೆ ತಿಂದ್ಲು. ಏನೋ ಸರಿ ಇಲ್ಲ." ನಾನು ನಕ್ಕೆ, ಜಗಳ ಇಲ್ಲದಿದ್ದರೆ ಒಳ್ಳೆಯದೇ ಅಲ್ಲವಾ ಅಂದೆ. "ನಿನಗೆ ಗೊತ್ತಾಗಲ್ಲ, ನಾನು ಹೆತ್ತೋಳು" ಅಂದವರು ಅಲ್ಲಿಂದಲೇ ಮಗಳ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೊರಟರು. ಬೇಗ ಬಂದದ್ದಕ್ಕೆ ಬೇಗ ಹಿಡಿತಕ್ಕೆ ಬಂತು ಅಂತ ಡಾಕ್ಟರಮ್ಮ ಹೇಳಿದರು. ಮಗಳು ಮತ್ತೆ ಈ ಮೇಜಿಗೆ ಬಂದರು. ಅಮ್ಮನ ಉಪ್ಪಿನ ಬಗ್ಗೆ ದೂರು ಹೇಳುತ್ತಲೇ ಬಂದರು.

ಮೊದಲ ಸಲ ಬೀದಿಗೆ ಓಡಿದ ದಿನವೂ ಹಿಂದೆಯೇ ಓಡಿದವರು ಯಾರು? ಕೋಣೆಗೆ ಕೂಡಿಹಾಕಿ, ಕಟ್ಟಿಹಾಕಿ ಅಂತ ಹತ್ತು ಜನ ಹೇಳಿದಾಗ, ಆಗದು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು? ಮಾತ್ರೆ ನುಂಗುವವರೆಗೆ ಎದುರಿಗೆ ಕೂತವರು, ಕೆಲಸಕ್ಕೆ ಹೋಗು, ಮನೆಯಲ್ಲಿ ಕೂರಬೇಡ ಅಂತ ಹೊಸ್ತಿಲು ದಾಟಿಸಿದವರು ಯಾರು? ಅಮ್ಮ, ಇಷ್ಟನ್ನೆಲ್ಲ ಮಾಡಿ ನೀವು ನೆನಪಿಟ್ಟುಕೊಂಡದ್ದು ಒಂದು ಏಟನ್ನ. ಅಲ್ಲ, ನನಗೆ ಸಿಟ್ಟು ಬರುತ್ತದೆ!

ಮಾಸ್ಟರಮ್ಮನಿಗೂ ಬರುತ್ತಿತ್ತು. ಈ ವಿಷಯದಲ್ಲಿ ಅವರು ನಿಮ್ಮ ಹತ್ತಿರ ಎಷ್ಟು ವಾದ ಮಾಡಿದರೂ ನೀವು ಜಗ್ಗಲಿಲ್ಲ. ಹೋದ ತಿಂಗಳು ಇದೇ ಮೇಜಿನ ಹತ್ತಿರ, ಸೀಮೆಸುಣ್ಣ ಒರೆಸಿಕೊಳ್ಳುತ್ತಾ ನನಗೆ ಹೇಳಿದರು: "ನಮ್ಮಮ್ಮನ ತಲೇಲೂ ಒಂದು ಸುಳ್ಳು ಕೂತಿದೆ ಕಣೇ. ತಾನೇ ನನ್ನ ಹಾಳು ಮಾಡಿದ್ದು ಅಂತ. ನನಗಾದ್ರೆ ಮಾತ್ರೆ ಇದೆ. ಅವಳಿಗೆ ಯಾವ ಮಾತ್ರೆ ಕೊಡಿಸ್ಲಿ? ನಾನು ಹಾಳಾಗಿಲ್ಲ ಅಂತ ಯಾರಾದ್ರೂ ಅವಳಿಗೆ ಹೇಳ್ರೇ. ನನ್ನ ಮಾತು ಕೇಳಲ್ಲ." ಹೇಳುತ್ತೇನೆ ಬಿಡಿ ಅಂದೆ. ಹೀಗೆ ಹೇಳಬೇಕಾಗುತ್ತದೆ ಅಂತ —

ಇರಿ. ಒಂದು ನಿಮಿಷ.

ಅಮ್ಮ. ನಿಮ್ಮ ಮಗಳು ಹಾಳಾಗಲಿಲ್ಲ. ಕಾಯಿಲೆ ಇತ್ತು, ಕಾಯಿಲೆ ಇಟ್ಟುಕೊಂಡೇ ಈ ಯೂನಿಟ್ಟಿಗೆ ಮಾಸ್ಟರ್ ಆದರು. ಸುತ್ತ ನೋಡಿ, ಇಲ್ಲಿ ಕೂತ ಅರ್ಧ ಜನಕ್ಕೆ ಕೆಲಸ ಕಲಿಸಿದವರು ಅವರು. ಅಂಥವರನ್ನು ನಮಗೆ ಕೊಟ್ಟವರು ನೀವು. ನಿಮ್ಮ ಮಗಳ ಮಾತು ಕೇಳಲಿಲ್ಲ, ಸರಿ. ನಮ್ಮ ಮಾತನ್ನಾದರೂ ಕೇಳಿ.

ಇನ್ನು ಮಾತು ಸಾಕು. ಮಾಸ್ಟರಮ್ಮನಿಗಾಗಿ ಎಲ್ಲರೂ ಎದ್ದು ನಿಂತು ಸ್ವಲ್ಪ ಹೊತ್ತು ಮೌನವಾಗಿರೋಣ. ಯಜಮಾನರೇ, ಡಾಕ್ಟರಮ್ಮ, ಮಾಮ, ಹಿಂದಿನವರು — ಎಲ್ಲರೂ ಏಳಿ.

ಅಮ್ಮ, ನೀವಲ್ಲ. ಕೂತ್ಕೊಳ್ಳಿ. ತಮ್ಮಾ, ಅವರನ್ನು ಏಳಲು ಬಿಡಬೇಡ. ನಾವೆಲ್ಲ ಎದ್ದು ನಿಂತಿರುವುದು ನಿಮ್ಮ ಮಗಳಿಗೆ, ಮತ್ತೆ ನಿಮಗೆ. ನೀವು ಅಲ್ಲೇ ಕೂತು, ತಲೆ ಎತ್ತಿ, ನಮ್ಮನ್ನು ನೋಡಿ.